ಇಳಿಗೊಂಬಿನ ಸಾರಂಗ

ಟೋಲ್‌ಜೆಶ್
ಸಂತ ಎಗ್ಯೆದನ ಹಬ್ಬಕ್ಕೆ ಮುಂಚಿನ ಗುರುವಾರ

ನನ್ನ ಮುದ್ದು ಬೊರೋಕಾ, ಹಟಮಾರಿ ಕತ್ತೆಮರಿಯೇ,

ನಿನ್ನ ಕಾಗದ ಬಂತು. ನನ್ನ ಸೊಂಟನೋವಿನ ಬಗ್ಗೆ ಒಂದು ಸಾಲು, ಸಾರಂಗದ ಸೊಂಟದ ಬಗ್ಗೆ ಎರಡು ಪುಟ. ಸಂತೋಷ. ಬೇಟೆಗಾವಲಿನವರ ಮನೆಯಲ್ಲಿ ಹುಟ್ಟಿದವಳಿಂದ ಇದಕ್ಕಿಂತ ಹೆಚ್ಚು ಪ್ರೀತಿಯನ್ನು ನಾನು ನಿರೀಕ್ಷಿಸಿಯೂ ಇರಲಿಲ್ಲ.

ಕರಿ ಒರತೆಯ ಸಾರಂಗಕ್ಕೆ ಹನ್ನೆರಡು ದಾಟಿದೆ ಎನ್ನುತ್ತೀಯ. ಕುತ್ತಿಗೆ ಎತ್ತಿನಂತೆ ದಪ್ಪವಾಗಿದೆ, ಹೊಟ್ಟೆ ಜೋತಿದೆ, ತಲೆ ತಗ್ಗಿಸಿ ನಡೆಯುತ್ತದೆ, ಎರಡು ವರ್ಷದಿಂದ ಕೊಂಬಿನ ತುದಿಯ ಕಿರೀಟ ಕರಗುತ್ತ ಬಂದಿದೆ. ಮುಪ್ಪಿಗೆ ಕೊಂಬು ಇಳಿಯತೊಡಗಿದೆ, ಈ ಬೆದೆಗಾಲದಲ್ಲೇ ಬೇಟೆಗೆ ಬರುವ ನಿನ್ನ ಆಸ್ಟ್ರಿಯಾದ ಅತಿಥಿಯಿಂದ ಹೊಡೆಸಬೇಕು ಎನ್ನುತ್ತೀಯ. ನಿನ್ನ ಮೇಲಿನವನು, ಆ ಬಾಲಿಂಟ್, ಒಪ್ಪುತ್ತಿಲ್ಲ. ಒಳ್ಳೆ ರಕ್ತದ ಎಳೆಯದನ್ನು ತಪ್ಪಿ ಬೀಳಿಸಿದರೆ ಬೇಟೆಯ ಕೊಂಬು ಪರೀಕ್ಷಿಸುವ ಮಂಡಳಿಯವರು ದವಡೆಹಲ್ಲಿನ ಸವೆತ ನೋಡಿ ವಯಸ್ಸು ಹಿಡಿದುಬಿಡುತ್ತಾರೆ, ಕೆಂಪು ಗುರುತು ಹಾಕುತ್ತಾರೆ, ನಿನ್ನ ಕೆಲಸ ಹೋಗುತ್ತದೆ ಎನ್ನುತ್ತಾನೆ. ಅವನನ್ನು ಒಪ್ಪಿಸಲು ನಿನಗೆ, ಅದು ವರ್ಷವರ್ಷ ಕಳಚಿದ, ನಾನು ಪ್ರತಿ ಮಾರ್ಚ್‌ನಲ್ಲಿ ಒರತೆಯ ಬಳಿ ಹೆಕ್ಕಿ ಅಟ್ಟದಲ್ಲಿಟ್ಟ ಉದುರುಗೊಂಬುಗಳು ಬೇಕು. ಸಾಲಾಗಿ ಜೋಡಿಸಿ ತೋರಿಸಿದರೆ ವಯಸ್ಸಿಗೆ ಬೇರೆ ಸಾಕ್ಷಿ ಬೇಡ.

ಕಳಿಸುವುದಿಲ್ಲ ಮಗಳೇ. ಅವು ನಿನಗೆ ಬೇಕಾದ ಸಾಕ್ಷಿ ಹೇಳುವುದಿಲ್ಲ.

ನೀನು ಅಟ್ಟಕ್ಕೆ ಹತ್ತಿದಾಗೆಲ್ಲ ಬಾಗಿಲ ಬಳಿಯ ಹತ್ತು ಹನ್ನೆರಡು ಜೊತೆಯನ್ನಷ್ಟೇ ನೋಡಿದ್ದೀಯ. ಅವುಗಳ ಹಿಂದೆ, ಜೋಳದ ಚೀಲಗಳ ಆಚೆ, ಇನ್ನೂ ಇವೆ. ನಾನು ಈ ಮನೆಗೆ ಮದುವೆಯಾಗಿ ಬಂದ ವಸಂತದಿಂದ ಇವೆ. ಎಲ್ಲದರಲ್ಲೂ ಎಡಗೊಂಬಿನ ಬುಡದ ಕವಲು ಹಿಂದಕ್ಕೆ ತಿರುಗಿದೆ, ಮುದುಕಿಯೊಬ್ಬಳು ಬೆರಳು ಮಡಚಿ ಹತ್ತಿರ ಕರೆದ ಹಾಗೆ.

ಈಗ ನೀನು ನಗುತ್ತೀಯ, ಗೊತ್ತು. ನಿನ್ನ ತಾತ ವೆಂದೆಲ್ ಕೂಡ ನಕ್ಕಿದ್ದ. "ಲೇ ಯುಸ್ತಿ, ರಕ್ತ ಕಣೇ ಅದು. ಅಪ್ಪನ ಕೊಂಬು ಮಗನಿಗೆ ಬರುತ್ತೆ. ನಿಮ್ಮಪ್ಪನ ಮೂಗು ನಿನಗೆ ಬರಲಿಲ್ವಾ? ನಾನು ಸಹಿಸ್ಕೊಂಡಿಲ್ವಾ?" ಅಂದ. ಅಪ್ಪ, ಮಗ, ಮೊಮ್ಮಗ, ಒಂದೇ ಒರತೆಯ ನೀರು ಕುಡಿದವರು. ನಾನೂ ನಂಬಿದೆ. ನಾನು ಓದಿದ್ದು ನಾಲ್ಕನೇ ತರಗತಿ, ಅವನೋ ಬೇಟೆಶಾಲೆಯಲ್ಲಿ ಕಲಿತವನು.

ಆದರೆ ಮಗ ಹುಟ್ಟಿದರೆ ಮೊದಲು ಕವಲಿಲ್ಲದ ಕಡ್ಡಿಗೊಂಬು ಬರಬೇಕಲ್ಲವೇ? ಆಮೇಲೆ ಎರಡು ಕವಲು, ಮೂರು, ಹಾಗೆ ಏರಿ ಏರಿ ಕಿರೀಟ. ನಿನಗೆ ಇದನ್ನು ಕಲಿಸಿದ್ದೇ ನಾನು, ಅಡುಗೆಮನೆಯ ನೆಲದ ಮೇಲೆ ಇಟ್ಟು ತೋರಿಸಿ. ಅಟ್ಟದಲ್ಲಿ ಒಂದೇ ಒಂದು ಕಡ್ಡಿಗೊಂಬಿಲ್ಲ. ಎಳೆಗೊಂಬಿನ ಬುಡ ಉಬ್ಬಿರುತ್ತದೆ, ಮುದಿಗೊಂಬಿನದು ಚಪ್ಪಟೆ, ನನ್ನಲ್ಲಿರುವುದೆಲ್ಲ ಚಪ್ಪಟೆಯೇ. ಇಷ್ಟು ವರ್ಷದಲ್ಲಿ ಆ ಮಡಚುಬೆರಳಿನ ಕೊಂಬು ಹೊತ್ತ ಎಳೆ ಸಾರಂಗವನ್ನು ಈ ಗುಡ್ಡದಲ್ಲಿ ಯಾರೂ ಕಂಡಿಲ್ಲ. ಅದರ ರಕ್ತ ಯಾರಿಗೂ ಹೋಗಿಲ್ಲ ಬೊರೋಕಾ. ಸಾರಂಗವೊಂದು ಎಷ್ಟು ಕಾಲ ಬಾಳುತ್ತದೆ ಎಂದು ನೀನೇ ಲೆಕ್ಕ ಹಾಕು.

ನಿನ್ನ ಅಪ್ಪ ಹೈಸ್ಕೂಲಿಗೆ ಸೇರಿದ ಕಾಲಕ್ಕೆ ಆ ಕೊಂಬು ಇಳಿಯತೊಡಗಿತ್ತು, ಈಗ ನೀನು ಬರೆದಿರುವ ಹಾಗೆಯೇ. ಮೊದಲು ಕಿರೀಟದ ಕವಲುಗಳು ಮೊಂಡಾದವು, ಆಮೇಲೆ ತೂಕ ಹೋಯಿತು. ವೆಂದೆಲ್ ಕೈಯಲ್ಲಿ ಹಿಡಿದು ತೂಗಿ, "ಮುದುಕಪ್ಪನಿಗೆ ಕಾಲ ಬಂತು. ಈ ಸಲ ಬಿಟ್ರೆ ಚಳಿಗಾಲ ತಿಂದುಹಾಕುತ್ತೆ" ಅಂದ. ನಾನು ಬೇಡವೆಂದೆ. "ನಿನ್ನ ಮೂಗು ಬೇಡ ಅಂತೇನಾದ್ರೂ ನಾನು ಬಿಟ್ನಾ?" ಅಂತ ನನ್ನ ಮೂಗು ಹಿಂಡಿ, ಬಂದೂಕು ಹೆಗಲಿಗೇರಿಸಿ ಹೋದ. ಅವನ ಕೊನೆಯ ಮಾತು ನನ್ನ ಮೂಗಿನ ಬಗ್ಗೆ. ಇಂಥ ಗಂಡಸಿನ ಜೊತೆ ಬಾಳಿದವಳು ನಾನು.

ಹೃದಯ ನಿಂತಿತು ಎಂದು ನಿನಗೆ ಹೇಳಿದ್ದಾರೆ. ಸುಳ್ಳಲ್ಲ, ವೈದ್ಯರು ಹಾಗೇ ಅಂದರು. ಅವನನ್ನು ಕಂಡದ್ದು ಮಾತ್ರ ನಾನು ಮತ್ತು ಬಾಲಿಂಟ್. ಬಾಲಿಂಟ್ ಆಗಿನ್ನೂ ಮೀಸೆ ಚಿಗುರುತ್ತಿದ್ದ ಹೊಸ ಗಾವಲುಗಾರ. ಮಧ್ಯಾಹ್ನದ ಬಿಸಿಲು ಒರತೆಯ ಮೇಲೆ ಚೆನ್ನಾಗಿ ಬಿದ್ದಿತ್ತು. ವೆಂದೆಲ್ ಬಲಮಗ್ಗುಲಿಗೆ ಮಲಗಿದ್ದ, ಕಾಲು ನೀಟಾಗಿ ಜೋಡಿಸಿಕೊಂಡು. ನೀವು ಬೇಟೆಯವರು ಬಿದ್ದ ಸಾರಂಗವನ್ನು ಮಲಗಿಸುತ್ತೀರಲ್ಲ, ಹಾಗೆ. ಬಾಯಲ್ಲಿ, ಹಲ್ಲುಗಳ ನಡುವೆ, ಅಡ್ಡಲಾಗಿ ಓಕ್ ಮರದ ಹಸಿರು ಕಡ್ಡಿ. ಕೊನೆಯ ತುತ್ತು. ಸತ್ತ ಪ್ರಾಣಿಗೆ ಗೌರವವೆಂದು ನೀವು ಇಡುವ ಅದೇ ತುತ್ತು.

ಬಾಲಿಂಟ್ ಟೋಪಿ ತೆಗೆದ, ಅಭ್ಯಾಸಬಲದಿಂದ. ಆಮೇಲೆ ಅಳುತ್ತ, "ಯಾವ ನಾಯಿ ಮಾಡ್ತು ಇದನ್ನ? ಯಾವನಿಗೆ ತಮಾಷೆ ಇದು, ಅಕ್ಕಾ?" ಎಂದು ಮರಗಳ ಕಡೆ ತಿರುಗಿ ಕೂಗಿದ. ನಾನು ಆ ಕಡ್ಡಿ ತೆಗೆದು ನೋಡಿದೆ. ಬೇಟೆಗಾರ ಕಡ್ಡಿಯನ್ನು ಕೈಯಿಂದ ಮುರಿಯುತ್ತಾನೆ. ಇದರ ತುದಿ ಜಗಿದು ತುಂಡಾದದ್ದು. ಇನ್ನೂ ಒದ್ದೆಯಾಗಿತ್ತು. ಕೆಸರಿನಲ್ಲಿ ವೆಂದೆಲ್‌ನ ಬೂಟಿನ ಗುರುತು ಬಿಟ್ಟರೆ ಮನುಷ್ಯರ ಹೆಜ್ಜೆಯಿರಲಿಲ್ಲ. ಗೊರಸಿನ ಗುರುತುಗಳು ಅವನ ಸುತ್ತ ತಿರುಗಿ, ತಲೆಯ ಬಳಿ ನಿಂತು, ಹೋಗಿದ್ದವು.

ಮುಂದಿನ ಮಾರ್ಚ್‌ನಲ್ಲಿ ನಾನು ಅಲ್ಲಿಗೆ ಹೋಗಬಾರದಿತ್ತು, ಹೋದೆ. ಕೊಂಬು ಎಂದಿನ ಜಾಗದಲ್ಲೇ ಬಿದ್ದಿತ್ತು. ಒಂದು ಕೈಯಿಂದ ಎತ್ತಲಾಗಲಿಲ್ಲ. ಕಿರೀಟ ಪೂರ್ತಿ ತುಂಬಿ ಬಂದಿತ್ತು. ಇಳಿದ ಕೊಂಬು ಮತ್ತೆ ಏರುವುದನ್ನು ನಿನ್ನ ಯಾವ ಪುಸ್ತಕದಲ್ಲಾದರೂ ಓದಿದ್ದೀಯಾ? ಇದ್ದರೆ ಪುಟ ಹೇಳು, ನಾನು ಕನ್ನಡಕ ಹುಡುಕುತ್ತೇನೆ.

ಅಲ್ಲಿಂದ ಈಚೆಗೆ ಏರಿದ್ದೇ ಏರಿದ್ದು. ಇಳಿಯಲು ಶುರುವಾದದ್ದು ಎರಡು ವರ್ಷದ ಹಿಂದೆ, ನೀನು ಗಾವಲಿನ ಹಸಿರು ಕೋಟು ತೊಟ್ಟು ಬಂದಾಗ. ಅದು ಮುದಿಯಾಗುತ್ತಿಲ್ಲ ಮಗಳೇ. ಹಸಿದಿದೆ. ನಿನ್ನಂಥವರು ಇಳಿಗೊಂಬನ್ನು ಕಂಡರೆ ಬಿಡುವುದಿಲ್ಲವೆಂದು ಅದಕ್ಕೆ ಗೊತ್ತಿದೆ.

ಅತಿಥಿಗೆ ಬೇರೆ ಸಾರಂಗ ತೋರಿಸು. ಅವನಿಗೇನು, ಗೋಡೆಗೆ ಕೊಂಬು ಬೇಕು, ಊಟದ ಜೊತೆ ಪಾಲಿಂಕಾ ಸಾರಾಯಿ ಬೇಕು. ಕರಿ ಒರತೆಯದು ಎಳೆಯದು, ಇನ್ನೂ ಆರು ವರ್ಷ ಕಾಯಬೇಕೆಂದು ಬರೆದು ಸಹಿ ಹಾಕು. ತಪ್ಪು ವಯಸ್ಸು ಬರೆದ ಗಾವಲುಗಾರ್ತಿ ಎಂದು ನಗುವವರು ನಗಲಿ. ನಗಿಸಿಕೊಂಡವರು ಬದುಕಿರುತ್ತಾರೆ.

ಬಾದಾಮಿ ಎಣ್ಣೆ ತಲುಪಿತು, ಹಚ್ಚುತ್ತಿದ್ದೇನೆ. ಪ್ಲಮ್ ಹಣ್ಣಿನ ಮುರಬ್ಬ ನಿನ್ನ ಪಾಲಿನದು ಎತ್ತಿಟ್ಟಿದ್ದೇನೆ.

ನಿನ್ನ ಹಣೆಗೆ ಮುತ್ತಿಡುವ
ಯುಸ್ತಿನಾ ಅಜ್ಜಿ

ಮರೆತ ಮಾತು: ಈಗ ಶನಿವಾರ. ಮೇಲೆ ಬರೆದದ್ದನ್ನು ಮತ್ತೆ ಓದಿದೆ. ನೀನು ಕೇಳುವವಳಲ್ಲ. ನಿನ್ನ ತಾತ ಕೇಳಲಿಲ್ಲ, ಅವನ ರಕ್ತವೇ ತಾನೇ ನಿನ್ನದು. ಆದ್ದರಿಂದ ನಿನ್ನೆ ಬಾಲಿಂಟ್‌ನನ್ನು ಕರೆಸಿ ಕುಡಿಸಿದೆ. "ಅಕ್ಕಾ, ನಿಮ್ಮ ಮೊಮ್ಮಗಳು ನನಗೇ ಸಾರಂಗದ ವಯಸ್ಸು ಹೇಳಿಕೊಡೋಕೆ ಬರ್ತಾಳೆ" ಎಂದು ದೂರು ಹೇಳಿದ. "ಹೇಳಿಸ್ಕೊಳ್ಳೋ. ನಿನ್ನ ಹಲ್ಲು ನೋಡಿದ್ರೆ ನಿನ್ನ ವಯಸ್ಸನ್ನೂ ಹೇಳ್ತಾಳೆ" ಅಂದೆ. ನಕ್ಕ. ಆಮೇಲೆ ನಾನು ಕೇಳಿದ್ದಕ್ಕೆ ಅವನ ನಗು ನಿಂತಿತು, ಆದರೂ ಒಪ್ಪಿದ. ಸೋಮವಾರ ನಿನ್ನನ್ನೂ ನಿನ್ನ ಅತಿಥಿಯನ್ನೂ ಆಚೆ ಕಣಿವೆಗೆ ಕಳಿಸುತ್ತಾನೆ. ಒರತೆಯ ಬಳಿ ಬೇಟೆಗೆ ಕೂರುವ ಅಟ್ಟಣೆ ಖಾಲಿಯಿರುವುದಿಲ್ಲ. ನನ್ನನ್ನು ಕುದುರೆಗಾಡಿಯಲ್ಲಿ ಅಲ್ಲಿಯವರೆಗೆ ಬಿಟ್ಟು ಬರುತ್ತಾನೆ. ಅವನನ್ನು ಬೈಯಬೇಡ.

ಈ ಕಾಗದವನ್ನು ಅಂಚೆಯ ಇಲ್ಕಾ ನಿನಗೆ ಮಂಗಳವಾರವೇ ಕೊಡುತ್ತಾಳೆ, ಹಾಗೆಂದು ಆಣೆ ಹಾಕಿಸಿಕೊಂಡಿದ್ದೇನೆ. ಒಳ್ಳೆ ರಕ್ತ, ಎಳೆ ವಯಸ್ಸು ಇರುವುದನ್ನು ಬೀಳಿಸಬಾರದು, ಮುದಿಯಾದದ್ದನ್ನು ತೆಗೆದುಕೊಳ್ಳಬಹುದು. ನಿಮ್ಮ ಮಂಡಳಿಯ ನಿಯಮವೇ ಇದು. ಕರಿ ಒರತೆಯ ಸಾರಂಗಕ್ಕೂ ಇದನ್ನು ಯಾರಾದರೂ ಹೇಳಬೇಕಲ್ಲ.

ಬರುವ ಮಾರ್ಚ್‌ನಲ್ಲಿ ಒರತೆಯ ಬಳಿ ಕೊಂಬು ಬಿದ್ದಿದ್ದರೆ ಎತ್ತಬೇಡ. ಎಷ್ಟು ಭಾರವಿದೆ ನೋಡೋಣ ಎಂದು ಕೂಡ ಎತ್ತಬೇಡ.