ಅಂಗಳದಲ್ಲಿ ಎತ್ತಿದ ಕೈಗೆ ಲೆಕ್ಕವಿಲ್ಲವೇ?

ನಮ್ಮೂರ ಪಂಚಾಯಿತಿ ಅಧ್ಯಕ್ಷರ ಚುನಾವಣೆ ನಡೆಸಿಕೊಟ್ಟ ಮಾನ್ಯ ಅಧಿಕಾರಿಗಳೇ,

ಹನ್ನೊಂದು ಸದಸ್ಯರ ಪಂಚಾಯಿತಿಯಲ್ಲಿ ಸ್ವಂತ ಮತವೂ ಸೇರಿ ಆರು ಮತಗಳಿದ್ದ ಕೇರಿಯ ಆವಲಪ್ಪನವರನ್ನು, ಪಟೇಲರ ಮನೆಯ ಜಗುಲಿ ಏರಲಿಲ್ಲವೆಂಬ ಒಂದೇ ಕಾರಣಕ್ಕೆ ಗೈರುಹಾಜರೆಂದು ಬರೆದು, ಐದಕ್ಕೆ ಐದು ಸಮವಾಯಿತೆಂದು ಸಾರಿ, ಚೀಟಿ ಎತ್ತಿಸಿ ಪಟೇಲರ ಅಳಿಯ ಚನ್ನಕೇಶವನನ್ನು ತಾವು ಅಧ್ಯಕ್ಷನನ್ನಾಗಿ ಮಾಡಿದ್ದೀರಿ. ಇದನ್ನು ನಾವು ಒಪ್ಪುವುದಿಲ್ಲ.

ಪಂಚಾಯಿತಿ ಸಭೆ ಪಟೇಲರ ಜಗುಲಿಯ ಮೇಲೆ ನಡೆಯುವುದು ಹಿಂದಿನಿಂದ ಬಂದ ಪದ್ಧತಿಯೆಂದು ತಾವು ಅಪ್ಪಣೆ ಕೊಡಿಸಿದಿರಿ. ಕೇರಿಯವರು ಆ ಜಗುಲಿ ಏರಕೂಡದೆಂಬುದೂ ಹಿಂದಿನಿಂದ ಬಂದ ಪದ್ಧತಿಯೇ. ಅಸ್ಪೃಶ್ಯತೆ ಅಪರಾಧವೆಂಬ ಕಾಯಿದೆ ಬಂದು ಐದು ವರ್ಷವಾಯಿತು. ಆ ಕಾಯಿದೆ ತಮ್ಮ ಜೀಪಿನಲ್ಲಿ ಬರಲಿಲ್ಲವೇ? ಅಥವಾ ಅದೂ ಅಂಗಳದಲ್ಲಿಯೇ ನಿಂತುಬಿಟ್ಟಿತೇ?

ಆ ದಿನ ನಾನು ಆವಲಪ್ಪನವರ ಪಕ್ಕದಲ್ಲಿದ್ದೆ. ಪಟೇಲರು ಮೇಲಿನಿಂದ, "ಅಲ್ಲೇ ಇರಪ್ಪ, ನಿನ್ನ ಮಾತು ಇಲ್ಲಿಗೂ ಕೇಳ್ಸುತ್ತೆ" ಎಂದರು. ನಮ್ಮ ಕಡೆಯ ಸದಸ್ಯ ಚೆನ್ನರಾಯಪ್ಪನವರು, "ಹತ್ತು ಕಣಪ್ಪ, ಯಾರು ತಡೀತಾರೋ ನೋಡಣ" ಎಂದು ಕೈ ಚಾಚಿದರು. ಆವಲಪ್ಪನವರು ಅಲುಗಲಿಲ್ಲ.

"ಮನೆ ಅವರ್ದು, ಬ್ಯಾಡ ಅಂದ್ರೆ ನಾನ್ಯಾಕೆ ಹತ್ಲಿ? ಸಭೆ ಊರಿಂದು. ಸಭೇನೇ ಕೆಳಕ್ಕೆ ಬರ್ಲಿ, ಸ್ವಾಮಿ."

ಇಷ್ಟು ಹೇಳಿ ನಿಂತಲ್ಲಿಂದಲೇ ಕೈ ಎತ್ತಿದರು. ಅಂಗಳ ಸಭಾಸ್ಥಳವಲ್ಲವೆಂದು ತಾವು ತೀರ್ಪಿತ್ತಿರಿ. ರೇಷ್ಮೆ ನೂಲು ತೆಗೆಯುವ ನಮ್ಮ ಸದಸ್ಯೆ ಖತೀಜಾ ಬೀ ಆಗ ಕೇಳಿದ್ದನ್ನು ತಾವು ನಡವಳಿಯಲ್ಲಿ ಬರೆಸಲಿಲ್ಲ. ಇಲ್ಲಿ ಬರೆಯುತ್ತೇನೆ: "ನಿಮ್ ಬೂಟು ಅಂಗ್ಳದಲ್ಲೇ ಐತೆ ಸಾಹೇಬ್ರೇ. ನೀವೂ ಅರ್ಧ ಗೈರುಹಾಜ್ರಾ?"

ಮಾನ್ಯರೇ, ನಾವು ಸಮಾಜವಾದಿಗಳು. ಅದನ್ನು ಪಿಸುಮಾತಿನಲ್ಲಿ ಹೇಳುವ ಅಭ್ಯಾಸ ನಮಗಿಲ್ಲ. ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಹೋಗಿ ಪೊಲೀಸರ ಗುಂಡೇಟಿಗೆ ಬಿದ್ದವರು ದೊರೆಗಳು ಬದಲಾಗಿ ಪಟೇಲರು ಉಳಿಯಲೆಂದು ಪ್ರಾಣ ಕೊಡಲಿಲ್ಲ. ದಿಲ್ಲಿಯಿಂದ ಸಮತೆ ಇಳಿದು ಬರುವುದನ್ನು ಕಾಯುತ್ತಾ ಕೂರುವ ಬದಲು ಬೀದಿಯ ದೀಪ, ಸಂತೆಯ ಮೈದಾನ, ಕುಡಿಯುವ ನೀರು ಇವುಗಳಿಂದಲೇ ಅದನ್ನು ಕಟ್ಟಬಹುದೆಂದು ನಂಬಿ ಮನೆಮನೆಗೆ ಹೋಗಿ ಮತ ಕೇಳಿದೆವು. ದೊಣ್ಣೆ ಹಿಡಿಯಲಿಲ್ಲ, ಹೆಂಡ ಹಂಚಲಿಲ್ಲ. ಗೆದ್ದೆವು. ಗೆದ್ದ ಮೇಲೆ ಜಗುಲಿಯ ಎತ್ತರ ಅಡ್ಡಬಂತು.

ಆವಲಪ್ಪನವರು ಅಧ್ಯಕ್ಷರಾದರೆ ಮೊದಲ ಠರಾವು ಕೇರಿಗೊಂದು ಬಾವಿ ಎಂದು ಊರಿಗೆಲ್ಲ ತಿಳಿದಿತ್ತು. ಇಂದಿಗೂ ಅವರ ಹೆಂಡತಿ ಓಬಳಮ್ಮನವರು ಊರ ಬಾವಿಯಿಂದ ದೂರ ಕೊಡವಿಟ್ಟು, ಯಾರಾದರೂ ಪುಣ್ಯಾತ್ಮರು ನೀರು ಸುರಿಯಲೆಂದು ಕಾಯುತ್ತಾರೆ. ಒಂದು ಕೈಯನ್ನು ತಾವು ಎಣಿಸದೆ ಬಿಟ್ಟಿದ್ದರಿಂದ, ತೋಡುವ ಮೊದಲೇ ಬತ್ತಿದ್ದು ಕೇರಿಯ ಆ ಬಾವಿ.

ಆದಕಾರಣ ಆ ಚುನಾವಣೆಯನ್ನು ರದ್ದುಪಡಿಸಿ, ಶಾಲೆಯ ಬಯಲಿನಲ್ಲಿ, ಎಲ್ಲರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ, ಮತ್ತೆ ನಡೆಸತಕ್ಕದ್ದು. ಪ್ರಾರ್ಥನೆಯೆಂದು ಬರೆಯುವುದು ವಾಡಿಕೆ. ಇದು ಹಕ್ಕೊತ್ತಾಯ. ತಾವು ಮೌನ ವಹಿಸಿದರೆ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಪ್ರತಿ ಪಂಚಾಯಿತಿಗೂ ನಿಲ್ಲುತ್ತೇವೆ. ಎಷ್ಟು ಜಗುಲಿಗಳಲ್ಲಿ ತಾವು ಚೀಟಿ ಎತ್ತಿಸುವಿರಿ?

ಇನ್ನೊಂದು ವಿಷಯ ತಮ್ಮ ಅವಗಾಹನೆಗೆ. ಹೊಸ ಅಧ್ಯಕ್ಷರು ಕಳೆದ ವಾರ ಅದೇ ಜಗುಲಿಯ ಮೇಲೆ ಮೊದಲ ಸಭೆ ಕರೆದರು. ನಮ್ಮ ಕಡೆಯ ಉಳಿದ ಐವರು ಸದಸ್ಯರೂ ಮೆಟ್ಟಿಲು ಏರದೆ ಆವಲಪ್ಪನವರ ಜೊತೆ ಅಂಗಳದಲ್ಲಿ ಕುಳಿತರು. ಈಗ ಮೇಲೆ ಐದು ಮಂದಿ, ಕೆಳಗೆ ಆರು. ಕೆಳಗಿನವರು ಬಾವಿಯ ಠರಾವನ್ನು ಅಂಗೀಕರಿಸಿದ್ದಾರೆ. ಮಂಜೂರಾತಿಗಾಗಿ ಲಗತ್ತಿಸಿದೆ.

ಇಂತಿ,
ಇಷ್ಟು ವರ್ಷ ಊರವರ ಅರ್ಜಿಗಳ ಕೊನೆಗೆ 'ತಮ್ಮ ವಿಧೇಯ' ಎಂದು ಬರೆದು ಬರೆದು, ಈ ಸಲ ಆ ಮಾತನ್ನು ಕೈಬಿಟ್ಟಿರುವ
ಮುನಿನಾರಾಯಣಪ್ಪ
ಮೇಲೂರಿನ ಬಳಿ, ಶಿಡ್ಲಘಟ್ಟ ತಾಲ್ಲೂಕು