ಎಡಕ್ಕೆ ಬಿದ್ದ ಹೂವು

ಆಗಸ್ಟ್ 22, ಶುಕ್ರವಾರ

ಎರಡು ಬ್ಲೌಸ್ ಮುಗಿಸಿ, ಹೊಲಿಗೆ ಮಷಿನ್ ಮೇಲೆ ಬಟ್ಟೆ ಮುಚ್ಚಿ, ಮೊಬೈಲ್ ಸ್ಟ್ಯಾಂಡಿಗೆ ಹಾಕಿದೆ. ಇವತ್ತಿನ ವಿಡಿಯೋಕ್ಕೆ ಮೂರು ಸುದ್ದಿ. ಬೆಂಗಳೂರಿನ ಕುರ್ಚಿ ಜಗಳ — ಅವರಿಗೆ ಕೂಡುವ ಚಿಂತೆ, ನಮಗೆ ರೋಣದ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಸಾಕು ಅಂದೆ. ರಿಯಾಲಿಟಿ ಶೋ — ಉಂಡ ಅನ್ನ ಅರಗದೆ ಅಳುವ ಮಂದಿ. ಮೂರನೆಯದು ಹೊಸ ಕಾನೂನು. ಹದಿನೆಂಟು ತುಂಬದ ಹುಡುಗಿಯ ಮದುವೆ ಅಷ್ಟೇ ಅಲ್ಲ, ನಿಶ್ಚಯ ಮಾಡಿದರೂ ಅಪರಾಧವಂತೆ. ಇದು ನನ್ನ ವಿಷಯ. ಹುರುಪು ಬಂತು. ತೊಟ್ಟಿಲಲ್ಲಿರುವ ಕೂಸಿಗೆ ಗಂಡನ್ನು ಗೊತ್ತು ಮಾಡುವ ಜನ ನಾವು, ಇನ್ನಾದರೂ ನಾಚಿಕೊಳ್ಳೋಣ ಅಂದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚಿರಿ, ಹೆದರಬೇಡಿ ಅಂದೆ.

ಉದಾಹರಣೆ ಬೇಕಿತ್ತು. ಬರೀ ಕಾನೂನು ಹೇಳಿದರೆ ಯಾರು ಕೇಳುತ್ತಾರೆ? ಹಿಂದಿನ ಓಣಿಯ ಚೌಡಕ್ಕ ಮತ್ತು ಅವಳ ಮಗಳು ರೇಷ್ಮಾಳ ಹೂವಿನ ಕಥೆ ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ. ಒಬ್ಬ ನೇಕಾರ ತಾಯಿ, ಗಂಡ ಇಲ್ಲ. ಮಗಳನ್ನು ಅಣ್ಣನ ಮಗನಿಗೆ ಅಂತ ತೊಟ್ಟಿಲಲ್ಲೇ ಹೇಳಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಅಣ್ಣ ಬರುತ್ತಾನೆ. ಮನೆದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಹಚ್ಚಿ ಕೇಳುತ್ತಾರೆ. ಬಲದ್ದು ಮೊದಲು ಬಿದ್ದರೆ ದೇವಿ ಹೂಂ ಅಂದಳು. ಎಡದ್ದು ಬಿದ್ದರೆ ಇನ್ನೂ ತಡೆಯಿರಿ ಅಂದಳು. ಹೂ ಹಚ್ಚುವವಳು ಈ ತಾಯಿ. ಎಡದ ಹೂವಿಗೆ ನೀರು ಕಡಿಮೆ ಮಾಡುತ್ತಾಳೆ, ಅದು ಬೇಗ ಒಣಗಿ ಮೊದಲು ಬೀಳುತ್ತದೆ. ಮೂರು ವರ್ಷದಿಂದ ದೇವಿ ತಡೆಯುತ್ತಿದ್ದಾಳೆ, ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ. ಇಂಥ ತಾಯಿಗೆ ಕೈ ಮುಗಿಯುತ್ತೇನೆ ಅಂದೆ. ಖರೇ ಮನಸ್ಸಿನಿಂದಲೇ ಅಂದೆ.

ಹಾಕಿದ ಮೇಲೆ ಹೂವಿನ ಭಾಗ ಮಾತ್ರ ಮತ್ತೊಮ್ಮೆ ನೋಡಿದೆ. ಉಂಡು ಮಲಗಿದೆ.

ಆಗಸ್ಟ್ 24

ಲಕ್ಷ ದಾಟಿತು. ನನ್ನ ಚಾನೆಲ್‌ನಲ್ಲಿ ಯಾವತ್ತೂ ಇಷ್ಟು ಜನ ನೋಡಿಲ್ಲ. ಕಮೆಂಟ್ ಓದುತ್ತ ಕೂತು ಹಾಲು ಉಕ್ಕಿಸಿದೆ. ಗಂಡ ಪರಶು ಡ್ಯೂಟಿ ಮುಗಿಸಿ ಬಂದ, ಕಂಡಕ್ಟರ್ ಚೀಲ ಗೂಟಕ್ಕೆ ಹಾಕುತ್ತ ಅಂದ —

"ಆ ಹೂವಿನ ಮಾತು ಯಾಕ ಬೇಕಿತ್ತು ನಿನಗ?"

"ಹೆಸರು ಹೇಳಿಲ್ಲಲ್ಲ."

"ಬಸ್ಸಿನ್ಯಾಗ ಇಬ್ಬರು ಆಗಲೇ ಕೇಳಿದ್ರು, ಯಾರ ಮನಿದು ಅಂತ. ಮಾತು ಆಡಿದರ ಹೋತು, ಮುತ್ತು ಒಡದರ ಹೋತು."

ಗಂಡಸರಿಗೆ ಹೆಂಡತಿ ನಾಲ್ಕು ಜನರಿಗೆ ಗೊತ್ತಾದರೆ ಹೊಟ್ಟೆಕಿಚ್ಚು ಅಂದುಕೊಂಡೆ. ಆದರೂ ಡಿಲೀಟ್ ಮಾಡೋಣ ಅನ್ನಿಸಿತು. ಎರಡು ಲಕ್ಷ ಆಗಲಿ, ಆಮೇಲೆ ನೋಡೋಣ ಅಂತ ಬಿಟ್ಟೆ. ಇದನ್ನು ಇಲ್ಲಿ ಬರೆಯಲೂ ನಾಚಿಕೆ.

ಆಗಸ್ಟ್ 27, ಗಣೇಶ ಚೌತಿ

ಚೌಡಕ್ಕ ಬಂದಿದ್ದಳು. ಸ್ಟೂಲ್ ಎಳೆದುಕೊಟ್ಟೆ. ಕೂಡಲಿಲ್ಲ.

"ನಮ್ಮಣ್ಣ ನೋಡ್ಯಾನ ಮಾಲಾ."

"ನಾ ಹೆಸರು ಹೇಳಿಲ್ಲ ಚೌಡಕ್ಕ…"

"ಹೂ ಹಚ್ಚಾಕಿ ನಾನು, ಎದುರು ಕುಂತು ನೋಡಾಂವ ಅವ. ಹೆಸರು ಯಾಕ ಬೇಕು ಅವಗ?"

ಬೈಯಲಿಲ್ಲ. ನಾಲ್ಕು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನನ್ನ ಗಂಡ ಸತ್ತಾಗ ಹೆಣ ಎತ್ತಿದಾಂವ ಅವ. ಮಗ್ಗ ಹಾಕಿಸಿದಾಂವ ಅವ. ತವರು ಅಂತ ಇರೂದು ಅವನೊಬ್ಬನ. 'ನನಗ ಸುಳ್ಳು ಹೇಳಿದ್ರ ನಡೀತಿತ್ತು ತಂಗಿ, ದೇವಿ ಮುಂದ ಹೇಳಿದೆಲ್ಲ' ಅಂತ ಫೋನಿನ್ಯಾಗ ಅಳಾಕತ್ತಿದ್ದ."

ಅವಳ ಎದುರೇ ವಿಡಿಯೋ ಡಿಲೀಟ್ ಮಾಡಿದೆ. "ಈಗ ತಗದು ಏನ ಮಾಡ್ತಿ, ಬಿಡು" ಅಂದಳು. ಎಲ್ಲರ ವಾಟ್ಸಾಪಿನಲ್ಲೂ ಇದೆ ಅದು. ನಗುತ್ತ ನನಗೊಬ್ಬಳಿಗೇ ಹೇಳಿದ ಗುಟ್ಟು. ನನ್ನನ್ನು ಅಕ್ಕತಂಗಿ ಅಂತ ತಿಳಿದು ಹೇಳಿದ್ದಳು, ನಾನು ಸುದ್ದಿ ಅಂತ ತಿಳಿದುಕೊಂಡೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಆಗಸ್ಟ್ 30

ಅವಳ ಅಣ್ಣ ಗವಿಸಿದ್ದಪ್ಪ ಕೊಣ್ಣೂರಿಂದ ಅಂಗಡಿಗೇ ಬಂದರು. ಜಗಳಕ್ಕೆ ಸಿದ್ಧಳಾಗಿದ್ದೆ. ಅವರು ಚಪ್ಪಲಿ ಹೊರಗೆ ಬಿಟ್ಟು ಕೈ ಮುಗಿದರು.

"ನಿಮ್ಮದೇನು ತಪ್ಪಿಲ್ರಿ ಅಕ್ಕಾರ. ಖರೇ ಹೇಳಿದ್ರಿ. ಮಂಗಳವಾರ ನಮ್ಮೂರ ಗುಡಿಯಾಗ ಮತ್ತ ಹೂ ಕೇಳ್ತೀವ್ರಿ. ಈ ಸಲ ಪೂಜಾರಿ ಹಚ್ತಾನ. ನೀವ ಬಂದು ಶೂಟಿಂಗ್ ಮಾಡ್ರಿ. ದೇವಿ ಏನಂತಾಳ, ಮಂದಿ ನೋಡ್ಲಿ."

"ರೇಷ್ಮಾಗ ಇನ್ನೂ ಹದಿನಾರು ರೀ…"

"ಲಗ್ನ ಎರಡು ವರ್ಷ ಬಿಟ್ಟ ಮಾಡ್ತೀವ್ರಿ. ಈಗ ಬರೇ ಮಾತು ಗಟ್ಟಿ ಮಾಡೂದು."

ಅದೇ ಅಪರಾಧ ಅಂತ ಲಕ್ಷ ಜನಕ್ಕೆ ಹೇಳಿದವಳು ಒಬ್ಬ ಮನುಷ್ಯನ ಎದುರು ಹೇಳಲಾರದೆ ಹೋದೆ. ಚಹಾ ಮಾಡಿಕೊಟ್ಟೆ. ಕುಡಿದು, ಚಲೋ ಆಗೇತ್ರಿ ಅಂತ ಹೇಳಿ ಹೋದರು.

ಸೆಪ್ಟೆಂಬರ್ 2, ಮಂಗಳವಾರ

ಕೊಣ್ಣೂರಿಗೆ ಹೋದೆ. ಹೋಗದಿದ್ದರೆ ಚೌಡಕ್ಕ ಒಬ್ಬಳೇ ಆಗುತ್ತಾಳೆ ಅಂತ ಹೋದೆ. ಮೊಬೈಲ್ ಚೀಲದಿಂದ ತೆಗೆಯಲಿಲ್ಲ.

ಪೂಜಾರಿ ಎರಡೂ ಹೂ ಒಂದೇ ಚೆಂಬಿನಲ್ಲಿ ಅದ್ದಿ ಹಚ್ಚಿದ. ಎಲ್ಲರೂ ಹೂವಿನ ಮೇಲೆ ಕಣ್ಣಿಟ್ಟು ಕೂತರು. ದೇವರು ದಿಂಡರು ನಂಬುವುದಿಲ್ಲ ಅಂತ ಚಾನೆಲ್‌ನಲ್ಲಿ ಎಷ್ಟು ಸಲ ಜಂಬ ಕೊಚ್ಚಿದ್ದೇನೋ… ಎಡಕ್ಕೆ ಬೀಳಸವ್ವ, ಎಡಕ್ಕೆ ಬೀಳಸವ್ವ ಅಂತ ಒಳಗೊಳಗೆ ಬೇಡಿಕೊಂಡೆ.

ಬಲದ್ದು ಬಿತ್ತು.

ಚೌಡಕ್ಕ ಎರಡೂ ಗಲ್ಲ ಬಡಿದುಕೊಂಡು ತಪ್ಪಾಯಿತು ಅಂತ ಅಡ್ಡಬಿದ್ದಳು. ಗವಿಸಿದ್ದಪ್ಪ ತಂಗಿಯನ್ನು ಎಬ್ಬಿಸಿ ಕಣ್ಣು ಒರೆಸಿದರು. ಕೆಟ್ಟ ಮನುಷ್ಯ ಆಗಿದ್ದರೆ ಎಷ್ಟು ಸುಲಭವಿತ್ತು. ಮದುಮಗ ಆಗುವ ಶರತ ತಲೆ ಎತ್ತಲಿಲ್ಲ, ಅವನನ್ನೂ ಯಾರೂ ಕೇಳಿಲ್ಲ. ರೇಷ್ಮಾ ನನ್ನನ್ನೇ ನೋಡುತ್ತಿದ್ದಳು. ಪಿತೃಪಕ್ಷ ಕೂಡುವ ಮೊದಲೇ ಮುಗಿಸಬೇಕಂತೆ. ಶುಕ್ರವಾರ ನಿಶ್ಚಯ, ಚೌಡಕ್ಕನ ಮನೆಯಲ್ಲಿ.

ಸೆಪ್ಟೆಂಬರ್ 4, ಸಂಜೆ

ರೇಷ್ಮಾ ಬ್ಲೌಸ್ ಪೀಸ್ ತಂದಿದ್ದಳು. ನಾಳೆಗೆ. ಅಳತೆ ತೆಗೆಯುವಾಗ ಮೆಲ್ಲಗೆ ಕೇಳಿದಳು —

"ಅಕ್ಕಾರ, ನೀವ ಹೇಳಿದ ನಂಬರಿಗೆ ಹಚ್ಚಿದ್ರ ಅವ್ವನ್ನೂ ಹಿಡೀತಾರೇನ್ರಿ?"

ಕಾನೂನು ಹೇಳುವಾಗ ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಮಾಡಿದ ಹಿರೇರ ಮ್ಯಾಲೆಲ್ಲ ಬರ್ತೈತಿ ಅಂತಾರ" ಅಂದೆ.

"ಹಂಗಾರ ಹಚ್ಚಬ್ಯಾಡ್ರಿ." ಬಾಗಿಲ ತನಕ ಹೋಗಿ ನಿಂತಳು. "ನನಗ ಇದು ಬ್ಯಾಡಾಗೇತ್ರಿ. ಆದ್ರ ಹಚ್ಚಬ್ಯಾಡ್ರಿ."

ಬಟ್ಟೆ ಕತ್ತರಿಸಿಟ್ಟಿದ್ದೇನೆ. ಹೊಲಿಯಲು ಕೈ ಬರುತ್ತಿಲ್ಲ. ಪರಶು ನೋಡಿದ, ತಾನೇ ಅನ್ನಕ್ಕಿಟ್ಟ.

ಸೆಪ್ಟೆಂಬರ್ 5, ಬೆಳಿಗ್ಗೆ

ಹಚ್ಚಿದೆ. ಫೋನಿನ ಆ ಕಡೆ ಒಬ್ಬ ಹೆಣ್ಣುಮಗಳು, ಶಾಂತ ದನಿ. ಎಲ್ಲ ಹೇಳಿದೆ.

"ತಾಯಿಗೆ ಮನಸ್ಸಿಲ್ಲಂದ್ರ ಅವರಿಗೆ ತ್ರಾಸ ಆಗದಂಗ ನೋಡಬಹುದ್ರಿ. ಆದ್ರ ಅವರ ಬಂದು, ನಮ್ಮಣ್ಣ ಒತ್ತಾಯ ಮಾಡ್ಯಾನ ಅಂತ ಹೇಳಬೇಕು. ಹೇಳ್ತಾರೇನ್ರಿ?"

ಕಿಟಕಿಯಿಂದ ಚೌಡಕ್ಕ ಕಾಣುತ್ತಿದ್ದಳು. ನಳದ ಹತ್ತಿರ, ಹೊಸ ಸೀರೆ ಮೊಳಕಾಲಿಗೆ ಎತ್ತಿ ಕಟ್ಟಿ ಕೊಡ ತುಂಬುತ್ತಿದ್ದಳು. ಅಣ್ಣ ಬರುವ ಹೊತ್ತು.

ಹೇಳ್ತಾರ್ರಿ ಅಂದೆ.

ಅವಳನ್ನು ಒಂದು ಮಾತು ಕೇಳದೆ ಅಂದೆ. ಅಧಿಕಾರಿಗಳ ಜೀಪು ಹೊರಟಿದೆಯಂತೆ. ಈಗ ಹೋಗಿ ಹೇಳಬೇಕು. ಅವಳೇ ಈ ಕಡೆ ಬರುತ್ತಿದ್ದಾಳೆ, ಬ್ಲೌಸ್ ಒಯ್ಯಲು. ಹ್ಯಾಂಗ ಶುರು ಮಾಡಲಿ… ಚೌಡಕ್ಕ, ನಾನು ಮತ್ತೊಮ್ಮೆ ನಿನ್ನನ್ನು ಕೇಳದೆ —