ನನ್ನ ಕಾರಣ ಗಂಭೀರವಲ್ಲವಂತೆ

ಸತ್ತವರೊಡನೆ ಮದುವೆ ಕೋರುವ ಅರ್ಜಿಗಳಿಗೆ ಉತ್ತರ ಬರೆಯುವ ಮಾನ್ಯರೇ,

ನಿಮ್ಮ ಉತ್ತರ ತಲುಪಿತು. ತೀರಿಕೊಂಡ ಫಿರ್ಮೆನ್ ವಿದಾಲನ ಜೊತೆ ನನ್ನ ಮದುವೆಗೆ ಅನುಮತಿ ಇಲ್ಲ; ನಾನು ಕೊಟ್ಟ ಕಾರಣ 'ಸಾಕಷ್ಟು ಗಂಭೀರವಾಗಿಲ್ಲ'. ಸೆವೆನ್ ಎಂಬ ಈ ಬೆಟ್ಟಸೀಮೆಯ ಮಕ್ಕಳಿಗೆ ಜೀವಮಾನವಿಡೀ ಚರಿತ್ರೆ ಹೇಳಿಕೊಟ್ಟವಳು ನಾನು. ರಾಜಾಜ್ಞೆಗಳನ್ನು ಬೇಕಾದಷ್ಟು ಓದಿದ್ದೇನೆ. ಎರಡೇ ಸಾಲಿನಲ್ಲಿ ಒಬ್ಬಳನ್ನು ಇಷ್ಟು ಅಚ್ಚುಕಟ್ಟಾಗಿ ಒಂಟಿ ಮಾಡಿದ್ದನ್ನು ಓದಿದ್ದು ಇದೇ ಮೊದಲು.

ನಾಗರಿಕ ಸಂಹಿತೆಯ ನೂರಾ ಎಪ್ಪತ್ತೊಂದನೆಯ ಕಲಂ ಹುಟ್ಟಿದ್ದು ನನಗೆ ನೆನಪಿದೆ. ನಾನಿನ್ನೂ ಶಾಲೆಯ ಹುಡುಗಿ. ದಕ್ಷಿಣದಲ್ಲಿ ಅಣೆಕಟ್ಟೊಂದು ಒಡೆದು ನೂರಾರು ಜನ ಕೊಚ್ಚಿಹೋದರು. ಮದುವೆಗೆ ಮುಂಚೆಯೇ ವರನನ್ನು ಕಳೆದುಕೊಂಡ ಬಸುರಿಯೊಬ್ಬಳ ಮೊರೆ ಕೇಳಿ ಇದನ್ನು ಬರೆದರು: ಸತ್ತವನ ಒಪ್ಪಿಗೆ ನಿಸ್ಸಂಶಯವಾಗಿದ್ದು, ಗಂಭೀರ ಕಾರಣವಿದ್ದರೆ, ಗಣರಾಜ್ಯದ ಅಧ್ಯಕ್ಷರು ಮದುವೆಗೆ ಅನುಮತಿ ಕೊಡಬಹುದು. ಅಂದು ಕಣ್ಣೀರು ನೋಡಿ ಬರೆದ ಕಲಮನ್ನು ಇಂದು ನೀವು ಹೊಟ್ಟೆ ನೋಡಿ ಜಾರಿ ಮಾಡುತ್ತೀರಿ. ಈ ವಯಸ್ಸಿನಲ್ಲಿ ಗಂಭೀರ ಕಾರಣವನ್ನು ನಾನು ಎಲ್ಲಿಂದ ಹೆರಲಿ, ಸ್ವಾಮಿ?

ಒಪ್ಪಿಗೆಯ ಬಗ್ಗೆ ನಿಮಗೂ ಸಂಶಯವಿಲ್ಲ. ಎದುರು ಬದುರು ಮನೆಗಳಲ್ಲಿ ವರ್ಷಾನುಗಟ್ಟಲೆ ಕಳೆದ ಮೇಲೆ ನಮ್ಮ ಮದುವೆಯ ಪ್ರಕಟಣೆ ಮೇಯರ್ ಕಚೇರಿಯ ಫಲಕ ಏರಿತ್ತು. ಮತ್ತೆ ತಡವಾದದ್ದೇಕೆ? ಹಂದಿಗಳಿಂದ. ನಮ್ಮಲ್ಲಿ ಚಳಿಗಾಲದ ಶನಿವಾರಗಳೆಲ್ಲ ಕಾಡುಹಂದಿ ಬೇಟೆಗೆ ಮೀಸಲು. ಮದುವೆ ಮಾಡಿಸಬೇಕಾದ ಮೇಯರೂ ಬೇಟೆಗಾರ, ನನ್ನ ವರನೂ ಬೇಟೆಗಾರ.

"ಮದುವೆ ಎಲ್ಲಿಗೂ ಓಡಿಹೋಗಲ್ಲ ಒದೀಲ್ ಮೇಡಂ, ಹಂದಿ ಓಡಿಹೋಗತ್ತೆ," ಎಂದರು ಮೇಯರ್.

"ಲಕ್ಷಕ್ಕೊಂದು ಮಾತು ಕಣಯ್ಯ!" ಎಂದು ಫಿರ್ಮೆನ್ ನಕ್ಕ. ನಾನೂ ನಕ್ಕೆ. ಬೇಟೆ ಮುಗಿದ ಮೊದಲ ಶನಿವಾರವೆಂದು ಗೊತ್ತುಮಾಡಿದೆವು. ಅದರ ಹಿಂದಿನ ವಾರ ಅವನ ಎದೆಬಡಿತ ನಿಂತಿತು. ಹಂದಿಗಳು ಚೆನ್ನಾಗಿವೆ.

ಆಸ್ತಿಯ ಆಸೆಯೆಂದು ಶಂಕಿಸಿದಿರೇನೋ. ಇಂಥ ಮದುವೆಯಿಂದ ಹೆಂಡತಿಗೆ ವಾರಸುದಾರಿಕೆ ಬರುವುದಿಲ್ಲವೆಂದು ನಿಮ್ಮ ಕಲಮೇ ಹೇಳುತ್ತದೆ. ನನಗೆ ಬೇಕಾದದ್ದು ಅವನ ಮನೆಯ ಹಿಂದಿನ ದಿಬ್ಬದಲ್ಲಿ, ಅವನ ಪಕ್ಕ, ಆಳುದ್ದದ ಜಾಗ. ಇಲ್ಲಿನ ಪ್ರಾಟೆಸ್ಟೆಂಟ್ ಮನೆತನಗಳು ತಮ್ಮವರನ್ನು ತಮ್ಮ ನೆಲದಲ್ಲೇ ಮಣ್ಣು ಮಾಡುತ್ತವೆ. ಒಂದು ಕಾಲಕ್ಕೆ ಕ್ಯಾಥೊಲಿಕ್ ಅರಸರು ನಮಗೆ ಸ್ಮಶಾನ ಕೊಡಲಿಲ್ಲ, ನಮ್ಮ ಮದುವೆಗಳನ್ನು ಮದುವೆಯೆಂದು ಒಪ್ಪಲೂ ಇಲ್ಲ. ಅರಸರು ಹೋದರೂ ಪದ್ಧತಿಯನ್ನು ನೀವು ಕಾಪಾಡಿಕೊಂಡು ಬಂದಿರುವುದು ಸಂತೋಷ.

ಫಿರ್ಮೆನ್‌ನ ಅಣ್ಣನ ಮಗ ಎಲೀ ಒಳ್ಳೆಯವನೇ. "ಚಿಕ್ಕಮ್ಮಾ ಅಂತ ಬಾಯ್ತುಂಬ ಕರೀತೀನಿ. ಆದ್ರೆ ಅಲ್ಲಿ ಮನೆಯವರಿಗೆ ಮಾತ್ರ ಜಾಗ. ಅಜ್ಜನ ಕಟ್ಟಳೆ, ನಾನು ಹ್ಯಾಗೆ ಮೀರ್ಲಿ?" ಎಂದು ತಲೆ ತಗ್ಗಿಸಿದ. ಕಟ್ಟಳೆ ಅವನಿಗೂ ಇದೆ, ನಿಮಗೂ ಇದೆ. ಅವನು ತಲೆಯನ್ನಾದರೂ ತಗ್ಗಿಸಿದ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಅನುಮತಿ ಸಿಕ್ಕರೆ ಮದುವೆ ಸಾವಿನ ಹಿಂದಿನ ದಿನದಿಂದಲೇ ಜಾರಿಯಾದಂತೆ. ಆ ದಿನ ಏನಾಯಿತೆಂದು ನೀವು ಕೇಳಲೇ ಇಲ್ಲ. ಮಧ್ಯಾಹ್ನ ಅವನು ತನ್ನ ಹಿತ್ತಲಿನ ಈರುಳ್ಳಿ ತಂದುಕೊಟ್ಟ, ನಾನು ಸೂಪು ಮಾಡಿದೆ.

"ಉಪ್ಪು ಸಾಲ್ದು ಕಣೇ," ಎಂದ.

"ಕೊಂಕು ತೆಗೆಯೋದೆಲ್ಲ ಗಂಡನಾದ ಮೇಲೆ. ಅಲ್ಲೀವರೆಗೆ ಬಾಯ್ಮುಚ್ಕೊಂಡು ತಿನ್ನು."

"ಆಯ್ತು ಮಾರಾಯ್ತಿ, ಮುಂದಿನ ವಾರ ಬೈತೀನಿ."

ಈಗ ನಾನು ಉಪ್ಪು ಸರಿಯಾಗಿ ಹಾಕುತ್ತೇನೆ. ಸರಿಯಾಗಿದೆಯೆಂದು ಹೇಳುವವರಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ: ಮುಚ್ಚಿದ ಕಡತ ತೆರೆಯಿರಿ, ಅಧ್ಯಕ್ಷರ ಮುಂದಿಡಿ. ಬಾಳು ಕೊಡಿರೆಂದು ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ಒಂದು ದಿನ ಕೊಡಿ. ಆ ಮಧ್ಯಾಹ್ನ ನನ್ನ ಸೂಪಿಗೆ ಉಪ್ಪು ಸಾಲದೆಂದವನು ನನ್ನ ಗಂಡನೇ ಎಂದು ಮೊಹರು ಒತ್ತಿ ಕೊಡಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಈ ನರೆಗೂದಲಿನಲ್ಲೂ ಕುಮಾರಿಯಾಗಿರುವ
ಒದೀಲ್ ರಮೇಲ್